ಟ್ಯಾಬ್ಲೆಟ್ ಡ್ರಾಯರ್ ಸೇರಿದ್ದು ಯಾವ ದಿನ?

ಪ್ರಶ್ನೆ: ಮೇಡಂ, ನಾನು ಜಿಲ್ಲಾ ಕೇಂದ್ರವೊಂದರ 180 ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಐದು ತಿಂಗಳ ಹಿಂದೆ ನಮ್ಮ ಎರಡು ಮೆಡಿಕಲ್ ವಾರ್ಡ್‌ಗಳಿಗೆ ಎಐ ನಿಗಾ ವ್ಯವಸ್ಥೆ ಹಾಕಿಸಿದರು. ಹಾಸಿಗೆಯ ಕೆಳಗೆ ಹಾಸಿದ ಹಾಳೆ ರೋಗಿಯ ನಾಡಿ, ಉಸಿರಾಟ ಎಣಿಸುತ್ತದೆ. ಸ್ಥಿತಿ ಕೆಡುವ ಲಕ್ಷಣ ಕಂಡರೆ ನರ್ಸಿಂಗ್ ಸ್ಟೇಷನ್ನಿನ ಟ್ಯಾಬ್ಲೆಟ್‌ಗೆ ಎಚ್ಚರಿಕೆ ಬರುತ್ತದೆ. ಮೊದಮೊದಲು ಸಿಸ್ಟರ್‌ಗಳು ಗೊಣಗುತ್ತಲೇ ನೋಡುತ್ತಿದ್ದರು. 24 ಹಾಸಿಗೆಯ ಒಂದು ವಾರ್ಡಿನಲ್ಲಿ ಒಂದು ರಾತ್ರಿ 37 ಎಚ್ಚರಿಕೆಗಳು ಬಂದವು. ಡ್ಯೂಟಿಯಲ್ಲಿ ಇದ್ದವರು ಇಬ್ಬರೇ. ಒಂದಕ್ಕೆ 22 ನಿಮಿಷ ತಡವಾಯಿತೆಂದು ಆಡಳಿತದವರು ಪಟ್ಟು ಹಿಡಿದರು, ನಾನೇ ಸಹಿ ಮಾಡಿ ಆ ಹುಡುಗಿಗೆ ಮೆಮೊ ಕೊಟ್ಟೆ. ರೋಗಿಗೆ ಏನೂ ಆಗಿರಲಿಲ್ಲ, ಎದ್ದು ಕುಳಿತು ಹೆಂಡತಿಯ ಜೊತೆ ಮಾತನಾಡುತ್ತಿದ್ದರಂತೆ. ಈಗ ಟ್ಯಾಬ್ಲೆಟ್ ಡ್ರಾಯರಿನಲ್ಲಿದೆ. ಎರಡು ಹಾಸಿಗೆಯ ಹಾಳೆಗಳನ್ನು ಯಾರೋ ಎಳೆದು ಸುರುಳಿ ಸುತ್ತಿ ಬೀರುವಿನ ಮೇಲಿಟ್ಟಿದ್ದಾರೆ. ಹೊಸ ಹುಡುಗಿಯರಿಗೆ ಕೆಲಸ ಹೋಗುತ್ತದೆಂಬ ಭಯ. 24 ವರ್ಷ ಸರ್ವಿಸ್ ಆಗಿರುವ ಇನ್‌ಚಾರ್ಜ್ ಸಿಸ್ಟರ್ 'ನನ್ನ ಕಣ್ಣಿಗಿಂತ ಈ ಚಾಪೆ ಹೆಚ್ಚೇ?' ಎನ್ನುತ್ತಾರೆ. ನಿರ್ದೇಶಕರು 'ಇದು ನಿಮ್ಮ ನಾಯಕತ್ವದ ಸೋಲು' ಎಂದರು. ಬಿಗಿ ಮಾಡಲೇ, ಕೈಬಿಡಲೇ? ನಿಜ ಹೇಳಬೇಕೆಂದರೆ ಅದು ಹೇಗೆ ಲೆಕ್ಕ ಹಾಕುತ್ತದೆ ಎಂಬುದು ನನಗೂ ಗೊತ್ತಿಲ್ಲ. ಅದನ್ನು ಅವರೆದುರು ಒಪ್ಪಿಕೊಳ್ಳಬಹುದೇ?

ಉತ್ತರ: ನೀವು ಬರೆದು ಮುಂದೆ ಸಾಗಿಬಿಟ್ಟ ಒಂದು ವಾಕ್ಯದ ಮೇಲೆ ನನ್ನ ಕಣ್ಣು ನಿಂತಿತು. ಮೊದಲು ಗೊಣಗುತ್ತಲೇ ನೋಡುತ್ತಿದ್ದರು ಎಂದಿದ್ದೀರಿ. ಗೊಣಗುವುದು ನಮ್ಮ ವೃತ್ತಿಯ ಹುಟ್ಟುಗುಣ. ಹೊಸ ಬೆಡ್‌ಪ್ಯಾನ್ ಬಂದರೂ ಒಂದು ವಾರ ಗೊಣಗುತ್ತೇವೆ, ಆಮೇಲೆ ಹಳೆಯದನ್ನು ಮರೆಯುತ್ತೇವೆ. ಗೊಣಗುವ ವಾರ್ಡಿನಲ್ಲಿ ಕೆಲಸ ನಡೆಯುತ್ತಿರುತ್ತದೆ. ನಿಮ್ಮಲ್ಲಿ ಗೊಣಗಾಟ ನಿಂತು ಮೌನ ಶುರುವಾಯಿತು, ಟ್ಯಾಬ್ಲೆಟ್ ಡ್ರಾಯರ್ ಸೇರಿತು. ಅದು ಯಾವ ದಿನ ಸೇರಿತೆಂದು ವಿಚಾರಿಸಿ ನೋಡಿ. ಮೆಮೊ ತಲುಪಿದ ದಿನಕ್ಕೂ ಅದಕ್ಕೂ ಹೆಚ್ಚು ಅಂತರ ಇರಲಾರದು ಎಂದು ನನ್ನ ಊಹೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಇಟ್ಟುಕೊಳ್ಳುತ್ತೇನೆ. ಸಿಸ್ಟರ್‌ಗಳಿಗೆ ಎಐ ಬಗ್ಗೆ ಏನನ್ನಿಸುತ್ತದೆ ಎಂದು ನೀವು ಕೇಳುತ್ತಿದ್ದೀರಿ. ಆ ಹಾಳೆ ಬರೆದಿಡುವ ಸಮಯವನ್ನು ಮೇಲೆ ಕುಳಿತವರು ಯಾವುದಕ್ಕೆ ಬಳಸುತ್ತಾರೆ ಎಂದು ಅವರು ಕೇಳುತ್ತಿದ್ದಾರೆ. ಮೆಮೊ ಆ ಪ್ರಶ್ನೆಗೆ ಉತ್ತರ ಕೊಟ್ಟಿತು, ಅವರು ಅದಕ್ಕೆ ತಕ್ಕಂತೆ ನಡೆದುಕೊಂಡರು.

ನರ್ಸ್‌ಗಳಿಗೆ ಯಂತ್ರವೆಂದರೆ ಭಯ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಕೋವಿಡ್ ಕಾಲದಲ್ಲಿ, ವೆಂಟಿಲೇಟರನ್ನು ದೂರದಿಂದಷ್ಟೇ ನೋಡಿದ್ದ ಹುಡುಗಿಯರು ಕೆಲವೇ ವಾರಗಳಲ್ಲಿ ಅದನ್ನು ನಡೆಸಲು ಕಲಿತದ್ದನ್ನು ನಾನೂ ನೀವೂ ಕಣ್ಣಾರೆ ನೋಡಿದ್ದೇವೆ. ಅವತ್ತು ಅವರ ಪಕ್ಕ ಒಬ್ಬರು ನಿಂತು ಕಲಿಸಿದರು, ತಪ್ಪಿದರೆ ತಿದ್ದಿದರು. ಇಂದು ಕಂಪನಿಯ ಪ್ರತಿನಿಧಿ ಬಂದು ಮುಕ್ಕಾಲು ಗಂಟೆ ಸ್ಲೈಡ್ ತೋರಿಸಿ ಸಮೋಸ ಕೊಟ್ಟು ಹೋಗಿರುತ್ತಾನೆ. ನೈಟ್ ಡ್ಯೂಟಿಯವರು ಅದಕ್ಕೂ ಬಂದಿರುವುದಿಲ್ಲ.

ಕೆಲಸ ಹೋಗುತ್ತದೆಂಬ ಭಯವನ್ನು ಮಾತ್ರ ಹಾಗೆ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಯಾವ ಹಾಳೆಯೂ ರೋಗಿಯನ್ನು ಮಗ್ಗುಲು ಬದಲಾಯಿಸುವುದಿಲ್ಲ, ಕ್ಯಾನುಲಾ ಹಾಕುವುದಿಲ್ಲ. ಇರುವವರನ್ನು ಕಳಿಸುವುದು ಕಷ್ಟ. ಬಿಟ್ಟುಹೋದವರ ಜಾಗವನ್ನು ತುಂಬದೇ ಇರುವುದು ಬಹಳ ಸುಲಭ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧಕ ಆಸ್ಪತ್ರೆಯಲ್ಲದ ಕಡೆಯೂ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ನಿಮ್ಮಲ್ಲಿ ಆ ರಾತ್ರಿ ಹನ್ನೆರಡಕ್ಕೆ ಒಬ್ಬರಿದ್ದರು. 'ಈಗ ಮೆಷಿನ್ ಇದೆಯಲ್ಲ, ಇಬ್ಬರು ಸಾಕು' ಎಂಬ ಮಾತು ಯಾವುದಾದರೂ ಮೀಟಿಂಗಿನಲ್ಲಿ ಬಂದಿದ್ದರೆ ಅದು ಸಂಜೆಯೊಳಗೆ ಹಾಸ್ಟೆಲ್ ತಲುಪಿರುತ್ತದೆ. ಇದು ನಮ್ಮ ಊರಿನ ಸಂಶಯವಷ್ಟೇ ಅಲ್ಲ. 2024ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನರ್ಸ್‌ಗಳ ಸಂಘದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀದಿಗಿಳಿದು ಎಐ ಬಳಕೆಯ ರೀತಿಯನ್ನು ಪ್ರತಿಭಟಿಸಿದರು. ಅವರು ಕಂಪ್ಯೂಟರ್ ಕಾಣದವರೇನಲ್ಲ.

ಇನ್ನು ಯಂತ್ರದ ವಿಷಯ. 'ಎಐ ಹೇಳಿತು' ಎಂದಾಕ್ಷಣ ಅದು ಸರಿ ಎಂದುಕೊಳ್ಳುವವರು ಆಡಳಿತದಲ್ಲಿ ಹೆಚ್ಚು, ವಾರ್ಡಿನಲ್ಲಿ ಕಡಿಮೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಆಸ್ಪತ್ರೆ ದಾಖಲೆಗಳ ಸಾಫ್ಟ್‌ವೇರ್ ಮಾಡುವ ಎಪಿಕ್ ಸಂಸ್ಥೆಯ ಸೆಪ್ಸಿಸ್ (ಸೋಂಕು ವಿಕೋಪಕ್ಕೆ ಹೋಗಿ ಅಂಗಾಂಗಗಳು ಕೆಡುವ ಸ್ಥಿತಿ) ಮುನ್ನೆಚ್ಚರಿಕೆ ವ್ಯವಸ್ಥೆಯನ್ನು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಶೇ 67 ಮಂದಿಯನ್ನು ಅದು ಗುರುತಿಸಿರಲೇ ಇಲ್ಲ. ಆದರೂ ದಾಖಲಾದ ಒಟ್ಟು ರೋಗಿಗಳಲ್ಲಿ ಶೇ 18ರಷ್ಟು ಜನರ ವಿಷಯದಲ್ಲಿ ಕೂಗಿತ್ತು. ಹಿಡಿಯಬೇಕಾದ ಕಡೆ ಸುಮ್ಮನಿದ್ದು, ಸುಮ್ಮನಿರಬೇಕಾದ ಕಡೆ ಬೊಗಳುವ ನಾಯಿಯನ್ನು ಯಾರು ಬಾಗಿಲಲ್ಲಿ ಕಟ್ಟಿಕೊಳ್ಳುತ್ತಾರೆ? ನಿಮ್ಮ ಹಾಳೆಯೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಅದು ಬೇರೆ ಯಂತ್ರ, ಬೇರೆ ಲೆಕ್ಕ. ನಿಮ್ಮ ವಾರ್ಡಿನಲ್ಲಿ ಅದು ಎಷ್ಟು ಸರಿ ಎಂಬುದನ್ನು ಯಾರೂ ಎಣಿಸಿಲ್ಲ ಎಂಬುದಷ್ಟೇ ನನ್ನ ತಕರಾರು.

ಸುಳ್ಳು ಕೂಗಿನ ಬೆಲೆ ಸಣ್ಣದಲ್ಲ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಅಲಾರಂಗಳ ಬಗ್ಗೆ ಎಚ್ಚರಿಸುತ್ತಾ, 2009ರಿಂದ 2012ರ ಮಧ್ಯದವರೆಗೆ ತನಗೆ ವರದಿಯಾದ 98 ಅಲಾರಂ ಸಂಬಂಧಿ ಘಟನೆಗಳಲ್ಲಿ 80 ಮಂದಿ ಸತ್ತದ್ದನ್ನು ಹೇಳಿತು. ಎಡೆಬಿಡದೆ ಕೂಗುವ ಅಲಾರಂಗಳಿಗೆ ಕಿವಿ ಮರಗಟ್ಟುವುದು ಅದರ ಮುಖ್ಯ ಕಾರಣಗಳಲ್ಲೊಂದು. ತೋಳ ಬಂತು ತೋಳ ಕಥೆಯೇ. ಈಗ ನಿಮ್ಮ ಲೆಕ್ಕ ನೋಡಿ. ಹನ್ನೆರಡು ಗಂಟೆಯ ರಾತ್ರಿ ಪಾಳಿಯಲ್ಲಿ 37 ಎಂದರೆ ಸುಮಾರು ಇಪ್ಪತ್ತು ನಿಮಿಷಕ್ಕೊಂದು. ಆ ಹುಡುಗಿ 22 ನಿಮಿಷ ತಡ ಮಾಡಿದಳು ಎಂದರೆ ಅಷ್ಟರೊಳಗೆ ಮುಂದಿನ ಎಚ್ಚರಿಕೆಯೂ ಬಂದಿರುವ ಸಾಧ್ಯತೆಯೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತು ಆ ಮೆಮೊ. ನಾನು ವಾರ್ಡ್ ಸಿಸ್ಟರ್ ಆಗಿದ್ದಾಗ ಮಾನಿಟರಿನ ಸ್ಪೀಕರ್ ಮೇಲೆ ಹತ್ತಿ ಒತ್ತಿ ಪ್ಲಾಸ್ಟರ್ ಅಂಟಿಸಿದವಳು. ಬೀರುವಿನ ಮೇಲೆ ಹಾಳೆ ಸುತ್ತಿಟ್ಟವರ ಹೆಸರು ಹುಡುಕಲು ಹೋಗಬೇಡಿ, ಅವರಲ್ಲಿ ನಾನೂ ಒಬ್ಬಳೆಂದು ತಿಳಿಯಿರಿ.

ರೋಗಿ ಹೆಂಡತಿಯ ಜೊತೆ ಮಾತನಾಡುತ್ತಿದ್ದರು ಎಂದಿರಲ್ಲ, ಆಕೆ ಎಲ್ಲಿ ಕುಳಿತಿದ್ದರು? ನಮ್ಮ ವಾರ್ಡ್‌ಗಳಲ್ಲಿ ಜೊತೆಗಿರುವವರು ಕೂರುವುದು ರೋಗಿಯ ಕಾಲ ಬಳಿ, ಹಾಸಿಗೆಯ ಮೇಲೆಯೇ. ಮಗು ಅಮ್ಮನ ಪಕ್ಕ ಮಲಗಿರುತ್ತದೆ. ಹಾಸಿಗೆಯ ಅದುರುವಿಕೆಯಿಂದ ನಾಡಿ, ಉಸಿರು ಎಣಿಸುವ ಯಂತ್ರಕ್ಕೆ ಎರಡು ದೇಹಗಳ ಭಾರ ಬಿದ್ದಾಗ ಅದು ಯಾರನ್ನು ಎಣಿಸುತ್ತದೆ? ಕಂಪನಿಯವರನ್ನು ಈ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಇಂಥ ಪ್ರಶ್ನೆ ಎಂಜಿನಿಯರಿಗೆ ಹೊಳೆಯುವುದಿಲ್ಲ, ನಿಮ್ಮ ಆಯಾಗೆ ಹೊಳೆಯುತ್ತದೆ. ಬೆರಳ ತುದಿಗೆ ಕಪ್ಪಾಗಿ ಮದರಂಗಿ ಹಚ್ಚಿದ್ದರೆ ಪಲ್ಸ್ ಆಕ್ಸಿಮೀಟರ್ ತಡವರಿಸಬಹುದೆಂದು ನಾವು ಕಲಿತದ್ದೂ ಮದುವೆ ಮನೆಯಿಂದ ನೇರ ದಾಖಲಾದ ರೋಗಿಗಳಿಂದಲೇ.

ಇನ್‌ಚಾರ್ಜ್ ಸಿಸ್ಟರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಅದು ಅಹಂಕಾರದ ಮಾತಲ್ಲ. ಅನುಭವಿ ನರ್ಸ್‌ನ ಕಣ್ಣಿಗೆ ಬೆಲೆಯಿದೆ ಎಂದು ಈಗ ಎಐ ಸಂಶೋಧನೆಯೇ ಹೇಳುತ್ತಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ರೂಪಿಸಿದ ಕನ್ಸರ್ನ್ ಎಂಬ ವ್ಯವಸ್ಥೆ ರೋಗಿಯ ಬಿಪಿ, ನಾಡಿಯ ಅಂಕಿಗಳಿಗಿಂತ ಹೆಚ್ಚಾಗಿ ನರ್ಸ್‌ಗಳ ನಡೆಯನ್ನು ಓದುತ್ತದೆ. ವಾಡಿಕೆಯ ಹೊತ್ತಲ್ಲದೆ ನಡುರಾತ್ರಿ ಯಾರಾದರೂ ಬಿಪಿ ನೋಡಿದರೇ, ಬರೆಯಬೇಕಾಗಿಲ್ಲದಿದ್ದರೂ ಒಂದು ಸಾಲು ಬರೆದರೇ, ಒಂದು ಡೋಸ್ ತಡೆಹಿಡಿದರೇ ಎಂದು ಗಮನಿಸುತ್ತದೆ. 'ಯಾಕೋ ಈ ರೋಗಿ ಸರಿಯಿಲ್ಲ' ಎಂಬ ನಮ್ಮ ಒಳಗಿನ ಚಡಪಡಿಕೆ ದಾಖಲೆಯಲ್ಲಿ ಬಿಟ್ಟುಹೋದ ಹೆಜ್ಜೆಗುರುತು ಅದು. 74 ಘಟಕಗಳಲ್ಲಿ, 60,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಆ ವ್ಯವಸ್ಥೆ ಇದ್ದ ಕಡೆ ಸಾವಿನ ಅಪಾಯ ಶೇ 35.6ರಷ್ಟು ಕಡಿಮೆಯಿತ್ತು. ನಿಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ ಇದನ್ನು ಹೇಳಿ. ಅವರ ಕಣ್ಣನ್ನೇ ಗುರುವಾಗಿಟ್ಟುಕೊಂಡು ಕಲಿತ ಯಂತ್ರವೊಂದು ಇದೆ ಎಂದು ತಿಳಿದರೆ ಚಾಪೆಯ ಮೇಲಿನ ಸಿಟ್ಟು ಅರ್ಧ ಇಳಿದೀತು.

ಉಳಿದರ್ಧ ಇಳಿಸಲು ಅವರಿಂದಲೂ ಒಂದು ಸತ್ಯ ಹೊರಬರಬೇಕು. ಹೊರಗಿನವರ ಮುಂದೆ ನಾವು ಹೇಳದ ಸತ್ಯ ಅದು. ನಿಮ್ಮ ವಾರ್ಡಿನ ಯಾವುದಾದರೂ ಹತ್ತು ಟಿಪಿಆರ್ (ಜ್ವರ, ನಾಡಿ, ಉಸಿರಾಟ ಬರೆಯುವ) ಚಾರ್ಟ್ ತೆಗೆದು ಉಸಿರಾಟದ ಕಾಲಂ ನೋಡಿ. 20, 20, 18, 20. ಊರೆಲ್ಲ ಒಂದೇ ತಾಳದಲ್ಲಿ ಉಸಿರಾಡುತ್ತಿದೆ! ಪೂರ್ತಿ ಒಂದು ನಿಮಿಷ ಎದೆ ನೋಡುತ್ತಾ ಎಣಿಸಲು ಹನ್ನೆರಡು ರೋಗಿಗಳ ನರ್ಸ್‌ಗೆ ಎಲ್ಲಿದೆ ಪುರುಸೊತ್ತು? ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಎಂಬ, ರೋಗಿಯ ಸ್ಥಿತಿ ಕೆಡುವುದನ್ನು ಅಂಕಗಳಲ್ಲಿ ಅಳೆಯುವ ಪಟ್ಟಿಯಲ್ಲಿ ಉಸಿರಾಟ ನಿಮಿಷಕ್ಕೆ 20 ಇದ್ದರೆ ಅಂಕ ಸೊನ್ನೆ. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಒಂದೇ ಕಾಲಂಗೆ 3 ಅಂಕ, ಅಂದರೆ ಯಾರಾದರೂ ತುರ್ತಾಗಿ ಬಂದು ನೋಡಲೇಬೇಕು. 26 ಇದ್ದವರಿಗೆ ನಾವು 20 ಎಂದು ಬರೆದಾಗ ಕಳೆದುಹೋಗುವುದು ಆ ಮೂರು ಅಂಕ. ಬೆಳಗಿನ ಜಾವ ಮೂರು ಗಂಟೆಗೆ ಉಸಿರು ಎಣಿಸುವುದರಲ್ಲಿ ಹಾಳೆ ನಮಗಿಂತ ಮೇಲಿರಬಹುದು, ಏಕೆಂದರೆ ಅದು ಎಣಿಸುತ್ತಿರುತ್ತದೆ, ನಾವು ಎಣಿಸುತ್ತಿಲ್ಲ. ರೋಗಿಯ ಮುಖ ಬೂದು ಬಣ್ಣಕ್ಕೆ ತಿರುಗಿದ್ದು, ನಿನ್ನೆ ಹರಟುತ್ತಿದ್ದ ಅಜ್ಜ ಇಂದು ಗೋಡೆ ನೋಡುತ್ತಿರುವುದು ಹಾಳೆಗೆ ಕಾಣುವುದಿಲ್ಲ. ಸಿಸ್ಟರ್‌ಗಳ ಜೊತೆ ಮಾತು ಶುರುವಾಗಬೇಕಾದ್ದು ಈ ಜಾಗದಿಂದ. ಆದರೆ ಚಾರ್ಟಿನಲ್ಲಿ ಸುಳ್ಳು ಬರೆದಿದ್ದೇವೆ ಎಂದು ನಿಮ್ಮೆದುರು ಒಪ್ಪಿಕೊಳ್ಳುವ ಧೈರ್ಯ ಅವರಿಗೆ ಬರಬೇಕಲ್ಲ? ನಿಮ್ಮ ನಾಯಕತ್ವದ ನಿಜವಾದ ಪರೀಕ್ಷೆ ಅದು, ನಿರ್ದೇಶಕರು ಹೇಳಿದ ಅರ್ಥದಲ್ಲಿ ಅಲ್ಲ.

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ತೊಂಬತ್ತರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳ ನರ್ಸಿಂಗ್ ಘಟಕಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥೆ ಇರುವ ಘಟಕದಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ನಿರೀಕ್ಷೆ. ಸಿಕ್ಕಿದ ಅಂಕಿ ತಿರುವುಮುರುವು: ಒಳ್ಳೆಯ ಮುಖ್ಯಸ್ಥೆಯರ ಘಟಕಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ಹೇಳಿಕೊಳ್ಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. 1996ರಲ್ಲಿ ಪ್ರಕಟವಾದ ಆ ಲೇಖನ ನಾನು ಸೂಪರಿಂಟೆಂಡೆಂಟ್ ಆಗುವ ಮುಂಚೆ ನನ್ನ ಕೈಗೆ ಸಿಕ್ಕಿದ್ದರೆ ಒಂದು ಪೆಟ್ಟು ತಪ್ಪುತ್ತಿತ್ತು.

ನಾನಿದ್ದ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟ ಸಮಯವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಬಂತು. ತಡವಾದ ದಾಖಲೆಗಳ ಪಟ್ಟಿ ತೆಗೆದು, ಹೆಸರು ಸಮೇತ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಮರುತಿಂಗಳು ತಡವೇ ಇಲ್ಲ! ನಾನು ಹಿಗ್ಗಿದೆ, ಆಡಳಿತಕ್ಕೆ ಗ್ರಾಫ್ ತೋರಿಸಿ ಶಹಬಾಸ್ ಎನಿಸಿಕೊಂಡೆ. ಒಂದು ರಾತ್ರಿ ಹೇಳದೆ ರೌಂಡ್ಸ್‌ಗೆ ಹೋದಾಗ ಗೊತ್ತಾಯಿತು: ಎಂಟು ಗಂಟೆಯ ಔಷಧಿಯನ್ನು ಎಲ್ಲರೂ 7.55ಕ್ಕೆ 'ಕೊಟ್ಟಾಯಿತು' ಎಂದು ಒತ್ತಿ, ಆಮೇಲೆ ಟ್ರಾಲಿ ಹಿಡಿದು ಹೊರಡುತ್ತಿದ್ದರು. ಕೊನೆಯ ಹಾಸಿಗೆಗೆ ಮೊದಲಿನಂತೆಯೇ ಒಂಬತ್ತಾಗುತ್ತಿತ್ತು. ಮೊದಲು ತಡವಾಗಿದ್ದು ನನಗೆ ತಿಳಿಯುತ್ತಿತ್ತು. ನನ್ನ ಕಟ್ಟುನಿಟ್ಟಿನ ನಂತರ ಅದೂ ತಿಳಿಯದಂತಾಯಿತು. ಆ ಹೊತ್ತಿನಲ್ಲಿ ಯಾರಿಗಾದರೂ ಎರಡು ಡೋಸ್ ಹೋಗಿದ್ದರೆ? ಇಂದಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ಬಿಗಿ ಮಾಡುವುದರ ಗತಿ ಇದೇ. ಟ್ಯಾಬ್ಲೆಟ್ ಡ್ರಾಯರಿನಿಂದ ಮೇಲೆ ಬರುತ್ತದೆ, ಎಚ್ಚರಿಕೆ ಬಂದ ಕೂಡಲೇ ಯಾರೋ ಒಬ್ಬರು 'ನೋಡಿದ್ದೇನೆ' ಎಂದು ಒತ್ತುತ್ತಾರೆ, ರೋಗಿಯ ಬಳಿ ಯಾರೂ ಹೋಗಿರುವುದಿಲ್ಲ. ಡ್ರಾಯರಿನಲ್ಲಿರುವ ಯಂತ್ರಕ್ಕಿಂತ ಇದು ಅಪಾಯಕಾರಿ. ಪೂರ್ತಿ ಕೈಬಿಡುವುದು ಅವಮಾನವೇನಲ್ಲ. ಹಾಗೆ ಮಾಡಿದರೆ ನ್ಯೂಸ್-2 ಪಟ್ಟಿಯನ್ನು ಕಾಗದದ ಮೇಲಾದರೂ ಪ್ರಾಮಾಣಿಕವಾಗಿ ತುಂಬಿಸಿ, ಅದಕ್ಕೆ ಪೆನ್ನು, ಗಡಿಯಾರ ಇದ್ದರೆ ಸಾಕು. ಆದರೆ ನಿಮ್ಮ ಆಸ್ಪತ್ರೆ ದುಡ್ಡು ಸುರಿದಾಗಿದೆ. ಇಂದು ತೆಗೆಸಿದರೆ ಆರು ತಿಂಗಳಿಗೆ ಇನ್ನೊಂದು ಹೆಸರಿನಲ್ಲಿ, ನಿಮ್ಮನ್ನು ಕೇಳದೆಯೇ, ಬರುತ್ತದೆ. ಜೊತೆಗೆ ರಾತ್ರಿಯ ಉಸಿರಾಟದ ಕಾಲಂ ಮತ್ತೆ 20ಕ್ಕೆ ಮರಳುತ್ತದೆ.

ನಾನಾಗಿದ್ದರೆ ಒಂದೇ ವಾರ್ಡಿನಲ್ಲಿ, ಆರು ವಾರಕ್ಕೆಂದು ಹೇಳಿ, ಮೊದಲಿನಿಂದ ಶುರು ಮಾಡುತ್ತಿದ್ದೆ. ಅದಕ್ಕೂ ಮುಂಚೆ ಮೆಮೊ ಹಿಂಪಡೆಯಬೇಕು. ಸಹಿ ನಿಮ್ಮದು, ಹಿಂಪಡೆಯುವ ಪತ್ರದ ಸಹಿಯೂ ನಿಮ್ಮದೇ ಇರಲಿ. ಕೋಣೆಗೆ ಕರೆದು ಮೆಲ್ಲಗೆ ಹೇಳಿದರೆ ಸಾಲದು. ಮೆಮೊ ಸುದ್ದಿ ಎಷ್ಟು ಜನರಿಗೆ ತಿಳಿದಿತ್ತೋ ಅಷ್ಟೂ ಜನರಿಗೆ ಇದೂ ತಿಳಿಯಬೇಕು. ಎಚ್ಚರಿಕೆಯ ದಾಖಲೆಗಳನ್ನು ಆ ಆರು ವಾರ ಶಿಸ್ತುಕ್ರಮಕ್ಕೆ, ಇನ್‌ಕ್ರಿಮೆಂಟಿಗೆ, ರೋಸ್ಟರ್ ಕಡಿತಕ್ಕೆ ಬಳಸುವುದಿಲ್ಲ ಎಂದು ನಿರ್ದೇಶಕರಿಂದ ಬರಹದಲ್ಲಿ ಪಡೆಯಿರಿ. ಅವರು ಕೊಡಲು ಒಪ್ಪದಿದ್ದರೆ ಶುರು ಮಾಡಲೇಬೇಡಿ. ಸಿಸ್ಟರ್‌ಗಳ ಸಂಶಯ ಸರಿಯಾಗಿಯೇ ಇತ್ತು ಎಂದು ನಿಮಗೂ ತಿಳಿದಂತಾಯಿತು.

ನಂತರ ಒಂದು ಸಾದಾ ರಿಜಿಸ್ಟರ್ ಇಡಿ. ಎಚ್ಚರಿಕೆ ಬಂದ ಸಮಯ, ಹೋಗಿ ನೋಡಿದಾಗ ಕಂಡದ್ದು, ನಿಜವೋ ಸುಳ್ಳೋ, ಮೂರೇ ಕಾಲಂ. ಜೊತೆಗೆ ಹಾಳೆ ಸುಮ್ಮನಿದ್ದಾಗ ಸಿಸ್ಟರೇ ಕಂಡುಹಿಡಿದ ಪ್ರಕರಣಗಳಿಗೆ ಹಿಂದಿನ ಪುಟ. ಇದನ್ನು ಇನ್‌ಚಾರ್ಜ್ ಸಿಸ್ಟರ್ ಕೈಗೇ ಕೊಡಿ, ಚಾಪೆಯ ಮೌಲ್ಯಮಾಪನ ಅವರು ಮಾಡಲಿ. ಯಂತ್ರ ಹೇಳಿದರೂ ರೋಗಿ ಚೆನ್ನಾಗಿದ್ದಾರೆಂದು ಬರೆಯುವ ಹಕ್ಕು, ಯಂತ್ರ ಸುಮ್ಮನಿದ್ದರೂ ಡ್ಯೂಟಿ ಡಾಕ್ಟರನ್ನು ಎಬ್ಬಿಸುವ ಹಕ್ಕು, ಎರಡೂ ನರ್ಸ್‌ಗೆ ಸ್ಪಷ್ಟವಾಗಿ ಇರಲಿ. ಎರಡನೆಯದಕ್ಕೆ ನೀವು ವೈದ್ಯರ ಜೊತೆ ಮೊದಲೇ ಮಾತನಾಡಿರಬೇಕು. ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2018ರಲ್ಲಿ ಸೆಪ್ಸಿಸ್ ಎಚ್ಚರಿಕೆಯ ಎಐ ತಂದಾಗ ಅದರ ಪರದೆಯ ಮುಂದೆ ಕೂತು ವೈದ್ಯರಿಗೆ ಫೋನ್ ಮಾಡಿದವರು ತುರ್ತು ತಂಡದ ನರ್ಸ್‌ಗಳು. ಯಾವ ವೈದ್ಯರಿಗೆ ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಹೇಳಿದರೆ ಸಿಟ್ಟಾಗದೆ ಕೇಳುತ್ತಾರೆ ಎಂದು ತಿಳಿದು ನಡೆದುಕೊಂಡದ್ದರಿಂದಲೇ ಅದು ನಡೆಯಿತು ಎಂದು ಅಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಆ ಕೆಲಸ ಯಾರ ಜಾಬ್ ಚಾರ್ಟಿನಲ್ಲೂ ಇರುವುದಿಲ್ಲ. ನಿಮ್ಮ ರೋಸ್ಟರಿನಲ್ಲಿ ಅದಕ್ಕೆ ಸಮಯ ಹಾಕಿ.

ಈ ದಾರಿಗೂ ಅಪಾಯಗಳಿವೆ. ಮೊದಲ ಎರಡು ವಾರ ಬರವಣಿಗೆ ಹೆಚ್ಚುತ್ತದೆ, ಬೇರೆ ಯಾವುದಾದರೂ ರಿಜಿಸ್ಟರ್ ನಿಲ್ಲಿಸದೆ ಇದನ್ನು ಹೇರಬೇಡಿ. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಹೆಸರಿನಲ್ಲಿ ನಾವು ತುಂಬುವ ಎಲ್ಲ ಪುಟಗಳೂ ಅನಿವಾರ್ಯವಲ್ಲ ಎಂದು ನಿಮಗೂ ಗೊತ್ತು. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿದರೆ ಇನ್ನೊಂದು ತೊಂದರೆ: ಹೊಸ ಹುಡುಗಿಯರು ರೋಗಿಯ ಎದೆ ನೋಡುವುದನ್ನೇ ಬಿಟ್ಟಾರು. ಪಾಳಿಗೆ ಒಮ್ಮೆ ಕೈಯಿಂದ ಎಣಿಸಿ ಹಾಳೆಯ ಅಂಕಿಗೆ ತಾಳೆ ನೋಡುವ ಅಭ್ಯಾಸ ಉಳಿಸಿಕೊಳ್ಳಿ. ಎಚ್ಚರಿಕೆ ತಪ್ಪಿದಾಗ ಕಾನೂನಿನ ಮುಂದೆ ಯಾರು ಉತ್ತರಿಸಬೇಕು ಎಂಬುದನ್ನು ಆಸ್ಪತ್ರೆಯ ವಕೀಲರಿಂದ ಬರೆಸಿಕೊಳ್ಳಿ, ಬಾಯಿಮಾತಿನ ಭರವಸೆ ಬೇಡ. ರೋಗಿಯ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದ ಅವರೇ ನೋಡಲಿ, ಅದು ನಿಮ್ಮ ತಲೆನೋವಾಗದಿರಲಿ.

ಆರು ವಾರದ ಕೊನೆಗೆ ಹತ್ತರಲ್ಲಿ ಒಂದು ಎಚ್ಚರಿಕೆಯೂ ನಿಜವಾಗದಿದ್ದರೆ ಕಂಪನಿಯವರನ್ನು ಕರೆಸಿ ಮಿತಿಗಳನ್ನು ಬದಲಾಯಿಸಲು ಹೇಳಿ, ಆಗದೆಂದರೆ ಹಾಳೆಗಳನ್ನು ವಾಪಸ್ ಮಾಡಿ. ಹತ್ತು ಎಂಬುದು ಶಾಸ್ತ್ರವಚನವಲ್ಲ, ನನ್ನ ಅಂದಾಜು. ನಿಮ್ಮ ವಾರ್ಡಿಗೆ ಎಷ್ಟು ಸುಳ್ಳು ಕೂಗು ತಾಳಿಕೊಳ್ಳಬಹುದು ಎಂಬುದನ್ನು ಶುರು ಮಾಡುವ ಮುನ್ನ ಸಿಸ್ಟರ್‌ಗಳೇ ತೀರ್ಮಾನಿಸಲಿ, ಆಮೇಲೆ ಅಲ್ಲ.

ನಿಮಗೆ ಅದರ ಲೆಕ್ಕ ಗೊತ್ತಿಲ್ಲ ಎಂದು ಅವರೆದುರು ಹೇಳಬಹುದೇ ಎಂದು ಕೇಳಿದಿರಿ. ಅವರಿಗೆ ಅದು ಈಗಾಗಲೇ ಗೊತ್ತಿದೆ. ನೀವು ಹೇಳಿದರೆ 'ನನಗೂ ಅರ್ಥವಾಗಿಲ್ಲ' ಎನ್ನಲು ಉಳಿದವರಿಗೆ ಬಾಯಿ ಬರುತ್ತದೆ. ಗೊತ್ತಿಲ್ಲ ಎಂದು ಹೇಳಿ ಅಲ್ಲಿಗೇ ಬಿಡಬೇಡಿ. ಅದು ಯಾವ ಯಾವ ಅಂಕಿಗಳನ್ನು ನೋಡುತ್ತದೆ, ಎಲ್ಲಿಯ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ, ಮಿತಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ, ಕರೆಂಟ್ ಅಥವಾ ನೆಟ್‌ವರ್ಕ್ ಹೋದಾಗ ಏನಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ಕಂಪನಿಯವರನ್ನು ಸಿಸ್ಟರ್‌ಗಳ ಮುಂದೆಯೇ ಕೂರಿಸಿ ಕೇಳಿ. ಈ ಸಲ ನೈಟ್ ಡ್ಯೂಟಿಯವರಿಗೆ ಅನುಕೂಲವಾಗುವ ಹೊತ್ತಿನಲ್ಲಿ.

ಮತ್ತೆ ಶುರುವಾದ ಮೊದಲ ವಾರ ಒಂದು ರಾತ್ರಿ ನೀವೇ ಆ ವಾರ್ಡಿಗೆ ಹೋಗಿ, ಎರಡರಿಂದ ಐದರವರೆಗೆ ಟ್ಯಾಬ್ಲೆಟ್ ನೀವು ಹಿಡಿದು, ಕೂಗಿದ ಪ್ರತಿ ಸಲವೂ ಎದ್ದು ಹೋಗಿ ನೋಡಿ. ಸಾಧ್ಯವಾದರೆ ಮೆಮೊ ಪಡೆದ ಹುಡುಗಿ ಡ್ಯೂಟಿಯಲ್ಲಿರುವ ರಾತ್ರಿಯೇ. ಎಷ್ಟು ಸಲ ಎದ್ದಿರಿ, ಅದರಲ್ಲಿ ಎಷ್ಟು ನಿಜ ಎಂದು ನನಗೂ ಬರೆದು ತಿಳಿಸಿ.